ಮೊದಲು ನೆಲ: ತಿಹುವಾನಾ ಗುಡ್ಡಗಳಲ್ಲಿ ಮನೆ ಕಟ್ಟಿದ ನನ್ನ ಅನುಭವ

ಚರ್ಚಿನಿಂದ ಮೆಕ್ಸಿಕೊಗೆ ಹೋಗಿ ಮನೆ ಕಟ್ಟಿಕೊಟ್ಟು ಬರುತ್ತೇವೆ ಎಂದರೆ ಎಲ್ಲರೂ ಕೇಳುವುದು ಗೋಡೆಯ ಬಗ್ಗೆ, ಮಾಡಿನ ಬಗ್ಗೆ. ಫೋಟೋಗಳಲ್ಲೂ ಅದೇ ಕಾಣುತ್ತದೆ. ಹತ್ತು ಜನ ಸೇರಿ ಮರದ ಚೌಕಟ್ಟನ್ನು ಎತ್ತಿ ನಿಲ್ಲಿಸುತ್ತಿರುತ್ತಾರೆ, ಎಲ್ಲರ ಮುಖದಲ್ಲೂ ನಗು. ನಮ್ಮ ತಂಡದ ಕೆಲಸ ಇರುವುದು ಅವರೆಲ್ಲರ ಕಾಲ ಕೆಳಗೆ. ನಾನು ನೆಲ ಹಾಕುವವಳು. ಎಷ್ಟೋ ವರ್ಷಗಳಿಂದ ಇದನ್ನೇ ಮಾಡುತ್ತಾ ಬಂದಿದ್ದೇನೆ. ಒಂದು ಬಡ ಕುಟುಂಬಕ್ಕೆ ನಾವು ಕೊಡಬಹುದಾದ ಎಲ್ಲದರಲ್ಲಿ ಗಟ್ಟಿ ಸಿಮೆಂಟ್ ನೆಲವೇ ದೊಡ್ಡದು ಎಂಬುದು ನನ್ನ ನಂಬಿಕೆ. ಇಂಥ ಪ್ರವಾಸಕ್ಕೆ ಹೆಸರು ಕೊಡುವ ಕನ್ನಡದವರು ಈಗ ಅಮೆರಿಕದ ಚರ್ಚ್ ಸಭೆಗಳಲ್ಲಿ ಜಾಸ್ತಿಯಾಗಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ನಾವು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಂಗಳೂರಿನವಳು. ನಮ್ಮದು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚ್) ಸಭೆಯ ಕುಟುಂಬ. ಅಪ್ಪ ಗಾರೆ ಮೇಸ್ತ್ರಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಸಭೆಗಳ ಎಷ್ಟೋ ಮನೆಗಳಿಗೆ ಹಂಚು, ಗಾರೆ, ಮರಗೆಲಸವೇ ಅನ್ನ ಕೊಟ್ಟಿತು. ನಮ್ಮ ಮನೆಯೂ ಅಂಥದ್ದೇ. ರಜೆಯಲ್ಲಿ ಅಪ್ಪನ ಜೊತೆ ಕೆಲಸದ ಜಾಗಕ್ಕೆ ಹೋಗಿ ಮರಳು ಜರಡಿ ಹಿಡಿಯುವುದು ನನಗೆ ಆಟ. ಆಮೇಲೆ ಸಿವಿಲ್ ಇಂಜಿನಿಯರಿಂಗ್ ಓದಿದೆ, ಮದುವೆಯಾಗಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊಗೆ ಬಂದೆ. ಇಲ್ಲಿಯ ಚರ್ಚಿನಲ್ಲಿ ಮೊದಲ ವರ್ಷವೇ ಮೆಕ್ಸಿಕೊ ಪ್ರವಾಸದ ಪ್ರಕಟಣೆ ಕೇಳಿದಾಗ ನನಗೆ ಅದು ದೂರದ ಕೆಲಸ ಅನಿಸಲಿಲ್ಲ. ಮೆಕ್ಸಿಕೊ ಗಡಿ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ.

ಗಡಿಯ ಆಚೆ ಇರುವುದೇ ತಿಹುವಾನಾ, ಬಾಹಾ ಕ್ಯಾಲಿಫೋರ್ನಿಯಾ ರಾಜ್ಯದ ದೊಡ್ಡ ಊರು. 1965ರಲ್ಲಿ ಮೆಕ್ಸಿಕೊ ಸರಕಾರ ಗಡಿಯುದ್ದಕ್ಕೂ ಕಾರ್ಖಾನೆ ತರುವ ಯೋಜನೆ ಶುರು ಮಾಡಿತು. ಮಕಿಲಾಡೋರಾ ಎಂದು ಕರೆಯುವ ಈ ಕಾರ್ಖಾನೆಗಳಲ್ಲಿ ಟಿವಿ, ಆಸ್ಪತ್ರೆಯ ಉಪಕರಣ, ವಾಹನದ ಬಿಡಿಭಾಗ ಎಲ್ಲ ತಯಾರಾಗುತ್ತವೆ. ವಹಾಕಾ, ಗೆರೇರೊ, ಚಿಯಾಪಾಸ್‌ನಂಥ ದಕ್ಷಿಣದ ರಾಜ್ಯಗಳಿಂದ ಜನ ಬರುತ್ತಲೇ ಇದ್ದಾರೆ. ಕೆಲಸವೇನೋ ಸಿಗುತ್ತದೆ. ಆದರೆ ಆ ಸಂಬಳದಲ್ಲಿ ಪೇಟೆಯೊಳಗೆ ಬಾಡಿಗೆ ಮನೆ ಸಿಗುವುದಿಲ್ಲ. ಹಾಗಾಗಿ ಊರಿನ ಪೂರ್ವದ ಅಂಚಿನ ಗುಡ್ಡಗಳಲ್ಲಿ ಕಂತಿನ ಮೇಲೆ ಒಂದು ತುಂಡು ಜಾಗ ಹಿಡಿಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಬಿಚ್ಚಿ ಎಸೆದ ಗ್ಯಾರೇಜ್ ಬಾಗಿಲುಗಳೇ ಅಲ್ಲಿ ಗೋಡೆ. ಸರಕು ಸಾಗಿಸುವ ಮರದ ಪ್ಯಾಲೆಟ್‌ಗಳೇ ಬೇಲಿ. ಹಳೆಯ ಟೈರುಗಳನ್ನು ಮಣ್ಣು ತುಂಬಿ ಒಂದರ ಮೇಲೊಂದು ಪೇರಿಸಿದರೆ ಮೆಟ್ಟಿಲೂ ಆಯಿತು, ಗುಡ್ಡ ಜರಿಯದ ಹಾಗೆ ಕಟ್ಟೆಯೂ ಆಯಿತು. ಆ ಜನರ ಕೈಚಳಕ ನೋಡಿದರೆ ಯಾವ ಇಂಜಿನಿಯರಿಗೂ ಗೌರವ ಬರುತ್ತದೆ.

ಆದರೆ ಅವರ ಕೈಯಲ್ಲೂ ಸುಲಭವಾಗಿ ಆಗದ ಕೆಲಸ ಒಂದಿದೆ. ಅದು ನೆಲ. ಗೋಡೆಗೆ ಹಳೆಯ ಸಾಮಾನು ಪುಕ್ಕಟೆ ಸಿಗಬಹುದು, ಸಿಮೆಂಟು ಸಿಗುವುದಿಲ್ಲ. ಹಾಗಾಗಿ ನೆಲ ಬರೀ ಮಣ್ಣು. ಬೇಸಿಗೆಯಲ್ಲಿ ದೂಳು, ಚಳಿಗಾಲದ ಮಳೆಯಲ್ಲಿ ಕೆಸರು. ನನ್ನ ಅಜ್ಜಿಯ ಮನೆಯಲ್ಲೂ ಮಣ್ಣಿನ ನೆಲವೇ ಇತ್ತು. ಆದರೆ ಅದಕ್ಕೆ ಸೆಗಣಿ ಸಾರಿಸುತ್ತಿದ್ದರು, ಅಂಗಳ ಎತ್ತರದಲ್ಲಿತ್ತು, ಬಾವಿಯ ನೀರು ಬೇಕಾದಷ್ಟಿತ್ತು. ತಿಹುವಾನಾದ ಗುಡ್ಡದ ಮೇಲೆ ಕೊಳಾಯಿ ನೀರೇ ಇಲ್ಲದ ಓಣಿಗಳಿವೆ. ಟ್ಯಾಂಕರ್ ಬಂದಾಗ ದುಡ್ಡು ಕೊಟ್ಟು ಇನ್ನೂರು ಲೀಟರಿನ ನೀಲಿ ಡ್ರಮ್ಮುಗಳಿಗೆ ತುಂಬಿಸಿಕೊಳ್ಳಬೇಕು. ಆ ನೀರು ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ. ಮಣ್ಣಿನ ನೆಲದಲ್ಲಿ ಅಂಬೆಗಾಲಿಡುವ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಜಂತುಹುಳದ ಮೊಟ್ಟೆ ಇರುವುದೇ ಆ ಮಣ್ಣಿನಲ್ಲಿ.

ಇದು ನನ್ನ ಊಹೆಯಲ್ಲ. ಮೆಕ್ಸಿಕೊದ ಕೊವಾಯಿಲಾ ರಾಜ್ಯದಲ್ಲಿ 2000ದಲ್ಲಿ ಪಿಸೊ ಫಿರ್ಮೆ (ಗಟ್ಟಿ ನೆಲ) ಎಂಬ ಸರಕಾರಿ ಯೋಜನೆ ಶುರುವಾಯಿತು. ಮಣ್ಣಿನ ನೆಲ ಇರುವ ಮನೆಗಳಿಗೆ 50 ಚದರ ಮೀಟರಿನ ತನಕ ಸಿಮೆಂಟ್ ನೆಲ. ಕಾಂಕ್ರೀಟು ಸರಕಾರದ್ದು, ಮನೆಯ ಸಾಮಾನು ಹೊರಗಿಟ್ಟು ನೆಲ ಹದ ಮಾಡಿ ಹಾಸುವ ದುಡಿಮೆ ಮನೆಯವರದ್ದು. ಒಂದು ಮನೆಗೆ ತಗುಲಿದ್ದು ಸುಮಾರು 150 ಡಾಲರ್. ಈ ಯೋಜನೆ ಸಿಕ್ಕ ಟೊರ್ರೆಯೋನ್ ಊರನ್ನೂ ಅದಕ್ಕೆ ಅಂಟಿಕೊಂಡೇ ಇರುವ, ಬೇರೆ ರಾಜ್ಯಕ್ಕೆ ಸೇರಿದ್ದರಿಂದ ಯೋಜನೆ ಸಿಗದ ಪಕ್ಕದ ಊರುಗಳನ್ನೂ ಅರ್ಥಶಾಸ್ತ್ರಜ್ಞರು ಹೋಲಿಸಿ ನೋಡಿದರು. 2009ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮಣ್ಣಿನ ನೆಲ ಪೂರ್ತಿ ಹೋಗಿ ಸಿಮೆಂಟ್ ನೆಲ ಬಂದರೆ ಚಿಕ್ಕ ಮಕ್ಕಳಲ್ಲಿ ಹೊಟ್ಟೆಹುಳದ ತೊಂದರೆ ಶೇ 78ರಷ್ಟು, ಭೇದಿ ಶೇ 49ರಷ್ಟು, ರಕ್ತಹೀನತೆ ಶೇ 81ರಷ್ಟು ಕಡಿಮೆಯಾಗುತ್ತದೆ ಎಂದು ಅವರ ಲೆಕ್ಕ ಹೇಳಿತು. ತಾಯಂದಿರ ಮನಸ್ಸೂ ಹಗುರವಾಗಿತ್ತು, ಖಿನ್ನತೆ ಕಡಿಮೆಯಾಗಿತ್ತು. ಇದನ್ನು ಓದಿದ ದಿನದಿಂದ ನಾನು ನಮ್ಮ ಚರ್ಚಿನ ಸಮಿತಿಯಲ್ಲಿ ಕೇಳುವುದು ಒಂದೇ. ದುಡ್ಡು ಕಡಿಮೆ ಬಿದ್ದರೆ ಕಿಟಕಿ ಕಡಿಮೆ ಮಾಡಿ, ಬಣ್ಣ ಬಿಡಿ. ನೆಲದಲ್ಲಿ ಮಾತ್ರ ಒಂದು ಚೀಲ ಸಿಮೆಂಟೂ ಕಡಿಮೆ ಮಾಡಬೇಡಿ.

ನೆಲಕ್ಕೂ ಮೊದಲು ಜಾಗ. ಪ್ರವಾಸಕ್ಕೆ ಎರಡು ಮೂರು ತಿಂಗಳು ಇರುವಾಗಲೇ ನಾವು ಕೆಲವರು ಹೋಗಿ ಜಾಗ ನೋಡಿ ಬರುತ್ತೇವೆ. ಯಾವ ಕುಟುಂಬಕ್ಕೆ ಮನೆ ಎಂಬುದನ್ನು ನಾವು ಆರಿಸುವುದಿಲ್ಲ. ಅಲ್ಲಿಯ ಚಿಕ್ಕ ಸಭೆಯೊಂದರ ಪಾಸ್ಟರ್ ಮತ್ತು ಆ ಓಣಿಯ ಹೆಂಗಸರು ಸೇರಿ ಹೇಳುತ್ತಾರೆ. ಅವರ ಸಭೆಗೆ ಬರುವ ಕುಟುಂಬವೇ ಆಗಬೇಕು ಎಂಬ ನಿಯಮವೂ ಇಲ್ಲ. ಮನೆಗೂ ನಂಬಿಕೆಗೂ ಗಂಟು ಹಾಕಬಾರದು ಎನ್ನುವುದರಲ್ಲಿ ನಾನು ಬಹಳ ಗಟ್ಟಿ. ನಾವು ಕೇಳುವುದು ಕಾಗದ ಮಾತ್ರ. ಜಾಗ ಕೊಂಡ ಕರಾರು, ಕಂತು ಕಟ್ಟಿದ ರಸೀದಿಗಳು. ತಿಹುವಾನಾದಲ್ಲಿ ಅತಿಕ್ರಮಿಸಿದ ಜಾಗಗಳೂ ಇವೆ, ಒಂದೇ ಜಾಗವನ್ನು ಇಬ್ಬರಿಗೆ ಮಾರಿದ ಕಥೆಗಳೂ ಇವೆ. ಕಾಗದ ಸರಿ ಇಲ್ಲದ ಕಡೆ ಒಳ್ಳೆಯ ಮನೆ ಕಟ್ಟಿಕೊಟ್ಟರೆ ಆ ಕುಟುಂಬಕ್ಕೆ ಉಪಕಾರವಾಗುವುದಿಲ್ಲ. ಹಲಗೆ ಗುಡಿಸಲು ಇದ್ದಾಗ ಯಾರೂ ಕಣ್ಣು ಹಾಕದ ಜಾಗಕ್ಕೆ ಮನೆ ಎದ್ದ ಮೇಲೆ ಜಗಳ ಹುಟ್ಟುತ್ತದೆ.

ಕಾಗದ ನೋಡಿದ ಮೇಲೆ ಮಣ್ಣು ನೋಡುತ್ತೇನೆ. ಗುಡ್ಡದ ಇಳಿಜಾರಿನಲ್ಲಿ ಸೈಟು ಸಮ ಮಾಡುವಾಗ ಮೇಲಿನ ಬದಿ ಕಡಿದು ಆ ಮಣ್ಣನ್ನು ಕೆಳಗಿನ ಬದಿಗೆ ತುಂಬುತ್ತಾರೆ. ಕಡಿದ ಜಾಗ ಗಟ್ಟಿ, ತುಂಬಿದ ಜಾಗ ಸಡಿಲ. ನೆಲದ ಅರ್ಧ ಗಟ್ಟಿಯ ಮೇಲೆ, ಅರ್ಧ ಸಡಿಲದ ಮೇಲೆ ಬಂದರೆ ಮೊದಲ ಮಳೆಗೇ ಮಧ್ಯದಲ್ಲಿ ಬಿರುಕು ಬಿಡುತ್ತದೆ. ಆದ್ದರಿಂದ ಮನೆಯನ್ನು ಪೂರ್ತಿ ಕಡಿದ ಕಡೆಗೇ ಸರಿಸುತ್ತೇವೆ. ತುಂಬಿದ ಕಡೆ ಅಂಗಳ ಇರಲಿ, ಬಟ್ಟೆ ಒಗೆಯುವ ಜಾಗ ಇರಲಿ. ಹಿಮ್ಮೈಯ ಮಣ್ಣಿನ ಗೋಡೆಗೂ ಮನೆಗೂ ನಡುವೆ ಒಬ್ಬರು ಸಲೀಸಾಗಿ ನಡೆಯುವಷ್ಟು ಅಂತರ ಬಿಡುತ್ತೇವೆ, ಅಲ್ಲೇ ನೀರು ಹರಿಯಲು ಕಾಲುವೆ. ತಿಹುವಾನಾದಲ್ಲಿ ಮಳೆ ನಮ್ಮ ಕರಾವಳಿಯ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಗಿಡ ಮರ ಇಲ್ಲದ ಬೋಳು ಗುಡ್ಡದ ಮೇಲೆ ಚಳಿಗಾಲದಲ್ಲಿ ಒಂದೇ ರಾತ್ರಿ ಜೋರಾಗಿ ಸುರಿದರೆ ಮಣ್ಣು ಕುಸಿದು ಮನೆಗಳೇ ಹೋಗುತ್ತವೆ. ನೀರು ಎಲ್ಲಿಂದ ಬಂದು ಎತ್ತ ಹೋಗುತ್ತದೆ ಎಂದು ನಾನು ಕೇಳುವುದು ಪಕ್ಕದ ಮನೆಯ ವಯಸ್ಸಾದವರ ಹತ್ತಿರ. ಅವರಷ್ಟು ಸರಿಯಾಗಿ ಯಾವ ನಕ್ಷೆಯೂ ಹೇಳುವುದಿಲ್ಲ.

ಇಂಥ ಪ್ರವಾಸಗಳು ಸಾಮಾನ್ಯವಾಗಿ ಮೂರು ನಾಲ್ಕು ದಿನದ್ದು. ಮೊದಲ ದಿನ ನೆಲ, ಎರಡನೇ ದಿನ ಗೋಡೆ, ಮೂರನೇ ದಿನ ಮಾಡು, ಬಣ್ಣ, ಪ್ರಾರ್ಥನೆ, ವಾಪಸು. ಈ ಅವಸರಕ್ಕೆ ಏಟು ತಿನ್ನುವುದು ನೆಲವೇ. ಕಾಂಕ್ರೀಟು ಗಟ್ಟಿಯಾಗುವುದು ಒಣಗಿದ್ದರಿಂದಲ್ಲ, ಸಿಮೆಂಟು ನೀರನ್ನು ಹೀರಿ ಅದರ ಜೊತೆ ಕೂಡಿಕೊಳ್ಳುವುದರಿಂದ. ಏಳು ದಿನ ಒದ್ದೆಯಾಗಿಟ್ಟರೆ ಅದಕ್ಕೆ ಬರಬೇಕಾದ ಬಲದ ಮೂರನೇ ಎರಡು ಪಾಲು ಬರುತ್ತದೆ. ಮಾರನೇ ದಿನವೇ ಬಿಸಿಲಿಗೆ ಬಿಟ್ಟು, ಮೇಲೆ ಮರದ ರಾಶಿ ಹಾಕಿ, ಇಪ್ಪತ್ತು ಜನ ಬೂಟು ಹಾಕಿಕೊಂಡು ಓಡಾಡಿದರೆ ಮೇಲ್ಪದರ ಪುಡಿ ಪುಡಿಯಾಗಿ ಏಳುತ್ತದೆ. ಆಗ ಮನೆಯವರಿಗೆ ಸಿಗುವುದು ಮತ್ತೆ ದೂಳೇ.

ಅದಕ್ಕೇ ನಾವು ಪ್ರವಾಸವನ್ನು ಎರಡು ತುಂಡು ಮಾಡಿಕೊಂಡಿದ್ದೇವೆ. ನೆಲದ ತಂಡ ಒಂದು ವಾರ ಮೊದಲೇ ಶನಿವಾರ ಹೋಗುತ್ತದೆ. ಎಂಟು ಹತ್ತು ಜನ ಸಾಕು. ದೊಡ್ಡ ತಂಡ ಮುಂದಿನ ವಾರ ಬಂದು ಗೋಡೆ ಎತ್ತುತ್ತದೆ. ಗಡಿ ಹತ್ತಿರ ಇರುವುದರಿಂದ ನಮಗೆ ಇದು ಸಾಧ್ಯ. ದೂರದಿಂದ ವಿಮಾನದಲ್ಲಿ ಬರುವ ತಂಡಗಳಿಗೆ ನಾನು ಹೇಳುವುದೇನೆಂದರೆ, ನೆಲವನ್ನು ಸ್ಥಳೀಯ ಮೇಸ್ತ್ರಿಗೆ ಕೂಲಿ ಕೊಟ್ಟು ಮೊದಲೇ ಮಾಡಿಸಿ. ನಮ್ಮ ಕೈಯಿಂದಲೇ ಆಗಬೇಕು ಎಂಬ ಆಸೆಗಿಂತ ಮಗು ತೆವಳುವ ನೆಲ ಮುಖ್ಯ, ಅಲ್ವಾ?

ನಮ್ಮ ಜೊತೆಗೂ ಅಲ್ಲಿಯ ಮೇಸ್ತ್ರಿ ಒಬ್ಬರು ಇರುತ್ತಾರೆ, ಇಬ್ಬರು ಸಹಾಯಕರೂ ಇರುತ್ತಾರೆ. ಅವರಿಗೆ ಆ ಊರಿನ ಪೂರ್ತಿ ದಿನಗೂಲಿ ಕೊಡುತ್ತೇವೆ. ಸೇವೆ ಎಂದು ಹೇಳಿ ಅವರಿಂದ ಪುಕ್ಕಟೆ ದುಡಿಸಿಕೊಳ್ಳುವುದಿಲ್ಲ. ಸಿಮೆಂಟು, ಮರ, ಮೊಳೆ ಎಲ್ಲವನ್ನೂ ಗುಡ್ಡದ ಕೆಳಗಿನ ಹಾರ್ಡ್‌ವೇರ್ ಅಂಗಡಿಯಿಂದಲೇ ತರಿಸುತ್ತೇವೆ. ಸ್ಯಾನ್ ಡಿಯಾಗೊದಿಂದ ಹೊತ್ತೊಯ್ದರೆ ಗಡಿಯಲ್ಲಿ ಸುಂಕದ ತಲೆನೋವು, ಆ ಅಂಗಡಿಯವನಿಗೂ ವ್ಯಾಪಾರ ತಪ್ಪುತ್ತದೆ. ಕೆಲಸದ ಜಾಗದಲ್ಲಿ ಮೇಸ್ತ್ರಿಯ ಮಾತೇ ಕೊನೆ. ನಾನು ಇಂಜಿನಿಯರ್, ಇನ್ನೊಬ್ಬರು ದೊಡ್ಡ ಕಂಪನಿಯ ಮ್ಯಾನೇಜರ್, ಮತ್ತೊಬ್ಬರು ಡಾಕ್ಟರ್. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಅವರು ಹೇಳಿದ ಕಡೆ ಗುದ್ದಲಿ ಹಿಡಿಯಬೇಕು.

ಈಗ ನೆಲದ ಲೆಕ್ಕ. ನಾವು ಕಟ್ಟುವ ಮನೆ 16 ಅಡಿ ಅಗಲ, 20 ಅಡಿ ಉದ್ದ. ನಾಲ್ಕು ಇಂಚು ದಪ್ಪದ ನೆಲಕ್ಕೆ ಸುಮಾರು ಮೂರು ಘನ ಮೀಟರ್ ಕಾಂಕ್ರೀಟು ಬೇಕು. ತೂಕದಲ್ಲಿ ಏಳು ಟನ್ನಿಗೂ ಜಾಸ್ತಿ. ಮಿಕ್ಸರ್ ಲಾರಿ ಆ ಓಣಿಗೆ ಹತ್ತುವುದಿಲ್ಲ, ಹಾಗಾಗಿ ಎಲ್ಲವನ್ನೂ ಕೈಯಲ್ಲೇ ಕಲಸಬೇಕು. ಅಂಚುಗಳನ್ನು ಸ್ವಲ್ಪ ಆಳ ಮಾಡುವುದರಿಂದ 50 ಕಿಲೋದ ಇಪ್ಪತ್ತೈದು ಚೀಲ ಸಿಮೆಂಟು ತರಿಸುತ್ತೇವೆ. ಅಳತೆಗೆ 19 ಲೀಟರಿನ ಪ್ಲಾಸ್ಟಿಕ್ ಬಕೆಟ್. ಅಲ್ಲಿಯ ಮೇಸ್ತ್ರಿಗಳೆಲ್ಲ ಲೆಕ್ಕ ಹಾಕುವುದು ಇದರಲ್ಲೇ. ಒಂದು ಚೀಲ ಸಿಮೆಂಟಿಗೆ ನಾಲ್ಕೂವರೆ ಬಕೆಟ್ ಮರಳು, ಐದೂವರೆ ಬಕೆಟ್ ಜಲ್ಲಿ. ನೀರು ಒಂದೂವರೆ ಬಕೆಟ್, ಅದಕ್ಕಿಂತ ಜಾಸ್ತಿ ಬೇಡ.

ನೀರಿನ ವಿಷಯದಲ್ಲೇ ಸ್ವಯಂಸೇವಕರನ್ನು ಕಣ್ಣಿಟ್ಟು ಕಾಯಬೇಕಾಗುವುದು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ತೋಳು ಸೋತಿರುತ್ತದೆ. ನೀರು ಸ್ವಲ್ಪ ಹೆಚ್ಚು ಸುರಿದರೆ ಕಲಸುವುದು ಸುಲಭ, ಸುರಿಯುವುದೂ ಸುಲಭ. ಯಾರಾದರೂ ಸುಮ್ನೆ ಅರ್ಧ ಬಕೆಟ್ ಸೇರಿಸಿಬಿಡುತ್ತಾರೆ. ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬಂತು ಎಂದರೆ ನೆಲ ಕೆಟ್ಟಿತು ಎಂದೇ ತಿಳಿಯಿರಿ. ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತದೆ. ಅದಕ್ಕೆ ನೀರಿನ ಬಕೆಟ್ ಹತ್ತಿರ ಯಾವಾಗಲೂ ಒಬ್ಬರನ್ನೇ ನಿಲ್ಲಿಸುತ್ತೇನೆ. ಸಾಮಾನ್ಯವಾಗಿ ಹದಿನಾರು ಹದಿನೇಳರ ಹುಡುಗಿಯರು ಈ ಕೆಲಸಕ್ಕೆ ಬಹಳ ಒಳ್ಳೆಯವರು. ಎಂಥ ದೊಡ್ಡವರು ಬಂದು ಕೇಳಿದರೂ ಒಂದು ಲೋಟ ನೀರು ಜಾಸ್ತಿ ಕೊಡುವುದಿಲ್ಲ.

ಕಾಂಕ್ರೀಟು ಸುರಿಯುವ ಮೊದಲು ಮಣ್ಣನ್ನು ನೀರು ಚಿಮುಕಿಸಿ ಚೆನ್ನಾಗಿ ದಮ್ಮಸ್ಸು ಮಾಡುತ್ತೇವೆ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಇಲ್ಲದಿದ್ದರೆ ನೆಲದ ತೇವ ಮೇಲೆ ಬರುತ್ತದೆ. ಅದರ ಮೇಲೆ ಕಬ್ಬಿಣದ ತಂತಿ ಬಲೆ. ಈ ಬಲೆ ಇರಬೇಕಾದದ್ದು ನೆಲದ ದಪ್ಪದ ಮಧ್ಯದಲ್ಲಿ. ಜನ ತುಳಿದು ತುಳಿದು ಅದು ತಳಕ್ಕೆ ಹೋಗಿ ಮಲಗಿರುತ್ತದೆ, ಅಲ್ಲಿದ್ದರೆ ಯಾವ ಪ್ರಯೋಜನವೂ ಇಲ್ಲ. ಕೆಳಗೆ ಸಣ್ಣ ಸಿಮೆಂಟ್ ತುಂಡುಗಳನ್ನು ಇಡುತ್ತೇವೆ. ಸುರಿಯುತ್ತಿರುವಾಗ ಒಬ್ಬರು ಕೊಕ್ಕೆ ಹಿಡಿದು ಬಲೆಯನ್ನು ಮೇಲಕ್ಕೆ ಎಳೆಯುತ್ತಲೇ ಇರಬೇಕು. ಅಂಚಿನಲ್ಲಿ ಕೊಕ್ಕೆ ಬೋಲ್ಟುಗಳನ್ನು ಹೂತಿಡುತ್ತೇವೆ, ಮುಂದಿನ ವಾರ ಗೋಡೆಯ ತಳದ ಮರವನ್ನು ಕಚ್ಚಿ ಹಿಡಿಯುವುದು ಅವೇ. ಇದು ಭೂಕಂಪದ ನಾಡು. ಬೋಲ್ಟು ಬಿಟ್ಟರೆ ಮನೆ ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ ಅಷ್ಟೆ.

ಕೈಗವಸು, ಬೂಟು, ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಮೊದಲಿಗೆ ಗೊತ್ತೇ ಆಗುವುದಿಲ್ಲ, ರಾತ್ರಿ ಮಲಗಿದ ಮೇಲೆ ಉರಿ ಶುರುವಾಗುತ್ತದೆ. ಪ್ಯಾಂಟಿನ ಮೊಣಕಾಲು ಒದ್ದೆಯಾದರೆ ತಕ್ಷಣ ಬದಲಾಯಿಸಬೇಕು. ಗಡಿಯ ಕಾಗದಪತ್ರಗಳನ್ನು ಚರ್ಚಿನವರು ನೋಡಿಕೊಳ್ಳುತ್ತಾರೆ. ನಮ್ಮವರಿಗೆ ಒಂದು ಮಾತು: ಭಾರತದ ಪಾಸ್‌ಪೋರ್ಟ್ ಇದ್ದರೂ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಡ. ಆದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ತಾರೀಕನ್ನು ಹೆಸರು ಕೊಡುವ ಮೊದಲೇ ನೋಡಿಕೊಳ್ಳಿ.

ಒಂದು ಮನೆಯ ನೆಲವನ್ನು ಮಾತ್ರ ಹತ್ತಿರದಿಂದ ಹೇಳಬೇಕು. ಗೆರೇರೊ ರಾಜ್ಯದಿಂದ ಬಂದ ಕುಟುಂಬ. ತಾಯಿ ಆಸ್ಪತ್ರೆಗೆ ಬೇಕಾಗುವ ಕೊಳವೆಗಳನ್ನು ಮಾಡುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಕೆಲಸ. ಅಜ್ಜಿ, ಮೂವರು ಮಕ್ಕಳು. ಚಿಕ್ಕದು ಆಗಷ್ಟೇ ಎದ್ದು ನಿಲ್ಲಲು ಕಲಿಯುತ್ತಿತ್ತು. ನಾವು ಕಾಂಕ್ರೀಟು ಸುರಿದು, ಉದ್ದ ಪಟ್ಟಿಯಿಂದ ಮಟ್ಟ ಎಳೆದು, ಮರದ ಹಲಗೆಯಲ್ಲಿ ಉಜ್ಜಿ ಮುಗಿಸಿದ್ದೆವು. ಮೇಲೆ ಬಂದ ನೀರು ಆರುವ ತನಕ ಎಲ್ಲರೂ ನೆರಳಲ್ಲಿ ಕೂತೆವು. ಅಜ್ಜಿ ಮೇಸ್ತ್ರಿಯ ಹತ್ತಿರ ಬಂದು ಮೆಲ್ಲಗೆ ಏನೋ ಕೇಳಿದರು. ಮೇಸ್ತ್ರಿ ನನ್ನ ಕಡೆ ನೋಡಿದರು. ನೆಲ ಕೆಂಪು ಮಾಡಬಹುದೇ ಎಂದು ಆಕೆ ಕೇಳಿದ್ದಂತೆ. ಊರಿನಲ್ಲಿ ಅವರ ತಾಯಿಯ ಮನೆಯಲ್ಲಿ ಹಾಗಿತ್ತು.

ಒಬ್ಬ ಹುಡುಗನನ್ನು ಅಂಗಡಿಗೆ ಓಡಿಸಿದೆವು. ಕೆಂಪು ಬಣ್ಣದ ಪುಡಿ ಅಲ್ಲಿ ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಪುಡಿ ಬರುವ ಹೊತ್ತಿಗೆ ಮೇಲಿನ ನೀರು ಆರಿತ್ತು. ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು, ಆದರೆ ಬೆರಳಿಗೆ ಅಂಟುತ್ತಿರಲಿಲ್ಲ. ಅದೇ ಸರಿಯಾದ ಹದ. ನೀರು ಇನ್ನೂ ನಿಂತಿರುವಾಗ ಪುಡಿ ಉದುರಿಸಿದರೆ ಮೇಲಿನ ಪದರ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಮೇಸ್ತ್ರಿ ಸಿಮೆಂಟು, ಬಣ್ಣ ಎರಡನ್ನೂ ಒಣದಾಗಿಯೇ ಬೆರೆಸಿ, ಮೊಣಕಾಲಿನ ಕೆಳಗೆ ಹಲಗೆ ಇಟ್ಟುಕೊಂಡು, ಕೈಯಿಂದ ತೆಳ್ಳಗೆ ಉದುರಿಸುತ್ತಾ ಹಿಂದಕ್ಕೆ ಸರಿಯತೊಡಗಿದರು. ನಾನು ಇನ್ನೊಂದು ಮೂಲೆಯಿಂದ ಉಕ್ಕಿನ ಕರಣೆ ಹಿಡಿದು ಉಜ್ಜುತ್ತಾ ಬಂದೆ. ಮಂಗಳೂರಿನಲ್ಲಿ ಅಪ್ಪ ಕಾವಿ ನೆಲ ಹಾಕುವಾಗ ಕರಣೆಯ ಒಂದು ಅಂಚನ್ನು ಸ್ವಲ್ಪ ಎತ್ತಿ ಹಿಡಿದು, ಮೈಭಾರ ಎಲ್ಲ ಮಣಿಕಟ್ಟಿಗೆ ಬಿಟ್ಟು ಅರ್ಧಚಂದ್ರದ ಹಾಗೆ ಎಳೆಯುತ್ತಿದ್ದರು. ಎದುರಿಗೆ ಈ ಮನುಷ್ಯನೂ ಅದೇ ರೀತಿ ಎಳೆಯುತ್ತಿದ್ದರು. ಮೂರು ಸಲ ಉಜ್ಜಿದ ಮೇಲೆ ಹೊಳಪು ಬಂತು. ಕತ್ತಲಾಗಿತ್ತು. ಎರಡು ವ್ಯಾನುಗಳ ದೀಪ ಹಾಕಿ ಕೊನೆಯ ಮೂಲೆ ಮುಗಿಸಿದೆವು. ಆ ದಿನ ಮಾಡಿದ ಸ್ತೋತ್ರ ಪ್ರಾರ್ಥನೆಯಷ್ಟು ಮನಸ್ಸು ತುಂಬಿದ ಪ್ರಾರ್ಥನೆ ನನ್ನ ಬದುಕಿನಲ್ಲಿ ಕಡಿಮೆ.

ಮುಂದಿನ ಒಂದು ವಾರದ ಕೆಲಸ ಅಜ್ಜಿಯದ್ದು. ನೆಲಕ್ಕೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿ ಬಂದಿದ್ದೆವು. ನೀರು ದುಡ್ಡು ಕೊಟ್ಟು ತರುವ ಊರಿನಲ್ಲಿ ದಿನವೂ ಕೊಳವೆ ಹಿಡಿದು ನೆಲ ನೆನೆಸಲು ಆಗುವುದಿಲ್ಲ. ಪ್ಲಾಸ್ಟಿಕ್ ಇದ್ದರೆ ಒಳಗಿನ ತೇವ ಒಳಗೇ ಉಳಿಯುತ್ತದೆ, ಬೆಳಿಗ್ಗೆ ಸಂಜೆ ಒಂದೊಂದು ಬಕೆಟ್ ಸಾಕು. ಬಟ್ಟೆ ಜಾಲಿಸಿದ ನೀರು ಹಾಕಬಹುದೇ ಎಂದು ಆಕೆ ಮೊದಲೇ ಕೇಳಿಟ್ಟುಕೊಂಡಿದ್ದರು. ಸೋಪು ಇರುವ ನೀರು ಬೇಡ ಎಂದೆ. ಆ ಎರಡು ಬಕೆಟ್ ನೀರಿನ ಖರ್ಚನ್ನು ನಾವು ಮೊದಲೇ ಲೆಕ್ಕದಲ್ಲಿ ಸೇರಿಸಿ ಒಂದು ಡ್ರಮ್ಮು ಜಾಸ್ತಿ ತುಂಬಿಸಿ ಬಂದಿದ್ದೆವು. ವಾರ ಬಿಟ್ಟು ಹೋದಾಗ ಪ್ಲಾಸ್ಟಿಕ್ ತೆಗೆದು ಬೀಗದ ಕೈಯಿಂದ ಗೀರಿ ನೋಡಿದೆ. ಪುಡಿ ಏಳಲಿಲ್ಲ.

ಗೋಡೆಯ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಮರದ ಚೌಕಟ್ಟು, ಅದರ ಮೇಲೆ ಡಾಂಬರು ಕಾಗದ, ಕೋಳಿ ಬಲೆ, ಬಲೆಯ ಮೇಲೆ ಮೂರು ಪದರ ಸಿಮೆಂಟ್ ಗಿಲಾವು. ಬಾಗಿಲು ಕೂಡಿಸಿದ ಕ್ಷಣವೇ ಬೀಗದ ಕೈ ಮನೆಯಾಕೆಯ ಕೈಗೆ ಹೋಗುತ್ತದೆ. ಕೊನೆಯ ದಿನ ಎಲ್ಲರ ಮುಂದೆ ನಿಲ್ಲಿಸಿ ಬೀಗದ ಕೈ ಕೊಡುವ ಸಮಾರಂಭ ನಮ್ಮ ತಂಡದಲ್ಲಿ ಇಲ್ಲ. ಅವರ ಮನೆಗೆ ಅವರು ನಮ್ಮನ್ನು ಊಟಕ್ಕೆ ಕರೆಯುತ್ತಾರೆ, ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ.

ಇಂಥ ಪ್ರವಾಸಗಳನ್ನು ಟೀಕಿಸುವವರಿದ್ದಾರೆ. ಅವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ಗೆ ಅಮೆರಿಕ, ಕೆನಡಾದ ಚರ್ಚುಗಳಿಂದ ಮನೆ ಕಟ್ಟಲು ತಂಡ ತಂಡವಾಗಿ ಜನ ಹೋದರು. ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಆ ಮನೆಗಳ ಕುಟುಂಬಗಳನ್ನು ಮಾತಾಡಿಸಿದರು. ಹೊರಗಿನ ತಂಡ ಕಟ್ಟಿದ ಮನೆಗೂ ಅಲ್ಲಿಯವರೇ ಕಟ್ಟಿದ ಮನೆಗೂ ಕುಟುಂಬದ ಬದುಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ತಂಡಗಳು ವಿಮಾನಕ್ಕೆ, ವಸತಿಗೆ ಸುರಿದ ದುಡ್ಡಿನಲ್ಲಿ ಇನ್ನೆಷ್ಟೋ ಮನೆ ಕಟ್ಟಬಹುದಿತ್ತು. ಈ ಲೆಕ್ಕಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಹಾಗಾಗಿ ನಮ್ಮ ಚರ್ಚಿನಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಒಂದು ಪ್ರವಾಸದಲ್ಲಿ ನಮ್ಮ ಮೇಲೆ ನಾವು ಖರ್ಚು ಮಾಡುವುದು ಮನೆಗೆ ಹಾಕುವುದಕ್ಕಿಂತ ಕಡಿಮೆ ಇರಬೇಕು. ಹೋಟೆಲ್ ಇಲ್ಲ, ಸ್ಥಳೀಯ ಚರ್ಚಿನ ಹಾಲ್‌ನಲ್ಲೇ ಚಾಪೆ ಹಾಸಿ ಮಲಗುವುದು. ಎಲ್ಲರಿಗೂ ಒಂದೇ ಬಣ್ಣದ ಟಿ ಶರ್ಟ್ ಇಲ್ಲ. ಬರಲಾಗದವರು ಒಂದು ನೆಲದ ದುಡ್ಡು ಕೊಡಬಹುದು, ಅದನ್ನು ಅಲ್ಲಿಯ ಮೇಸ್ತ್ರಿಯೇ ನಮ್ಮ ಪ್ರವಾಸಕ್ಕೆ ಕಾಯದೆ ಹಾಕಿ ಮುಗಿಸುತ್ತಾರೆ. ಹಾಗೆ ನಾವು ಯಾರೂ ಹೋಗದೆಯೇ ಆದ ನೆಲಗಳ ಬಗ್ಗೆ ನನಗೆ ನಮ್ಮ ಕೈಯಿಂದ ಆದವುಗಳಷ್ಟೇ ಸಂತೋಷ.

ಮತ್ತೆ ಹೋಗುವುದಾದರೂ ಯಾಕೆ ಎಂದು ಕೇಳಬಹುದು. ದುಡ್ಡು ಕಳುಹಿಸಿ ಎಂದು ವರ್ಷಕ್ಕೊಮ್ಮೆ ಹೇಳಿದರೆ ಜನ ಒಂದೆರಡು ಸಲ ಕೊಡುತ್ತಾರೆ, ಆಮೇಲೆ ಮರೆಯುತ್ತಾರೆ. ಏಳು ಟನ್ ಕಾಂಕ್ರೀಟು ಕೈಯಲ್ಲಿ ಕಲಸಿದವರು ಮರೆಯುವುದಿಲ್ಲ. ನಮ್ಮಲ್ಲಿ ವರ್ಷಪೂರ್ತಿ ದುಡ್ಡು ಕೊಡುವವರ ಪಟ್ಟಿ ನೋಡಿದರೆ ಹೆಚ್ಚಿನವರು ಒಮ್ಮೆಯಾದರೂ ಆ ಗುಡ್ಡ ಹತ್ತಿದವರು. ಜೊತೆಗೆ ಗಡಿಯ ಈಚೆ ಬದಿಯಲ್ಲಿ ಕೂತು ಆಚೆಯವರ ಬಗ್ಗೆ ಏನೇನೋ ಮಾತಾಡುವ ಕಾಲ ಇದು. ನಮ್ಮ ಸಭೆಯ ಮಕ್ಕಳು ಆಚೆಯವರ ಕೈಕೆಳಗೆ ಕೆಲಸ ಕಲಿತು ಬರುತ್ತಾರೆ. ಅದು ನನಗೆ ಬಹಳ ಬೆಲೆಯುಳ್ಳದ್ದು.

ಮೇ 3 ಮೆಕ್ಸಿಕೊದಲ್ಲಿ ಪವಿತ್ರ ಶಿಲುಬೆಯ ಹಬ್ಬ. ಗಾರೆ ಕೆಲಸದವರ ಹಬ್ಬವೂ ಅದೇ. ಕಟ್ಟುತ್ತಿರುವ ಪ್ರತಿ ಕಟ್ಟಡದ ಮೇಲೂ ಹೂವು, ಬಣ್ಣದ ಕಾಗದ ಕಟ್ಟಿದ ಮರದ ಶಿಲುಬೆ ನಿಲ್ಲಿಸುತ್ತಾರೆ, ಕೆಲಸ ಮಾಡಿಸುವವರು ಆ ದಿನ ಊಟ ಹಾಕಬೇಕು. ಈ ವರ್ಷ ಮೇಸ್ತ್ರಿ ನಮ್ಮನ್ನೂ ಕರೆದಿದ್ದರು, ಊಟದ ಖರ್ಚು ನಮ್ಮ ಚರ್ಚಿನದ್ದು. ಊಟ ಮುಗಿದ ಮೇಲೆ ಅವರು ಮುಂದಿನ ಜಾಗ ತೋರಿಸಲು ಕರೆದುಕೊಂಡು ಹೋದರು. ಕಾಗದ ಸರಿಯಾಗಿದೆ, ಕಂತು ಮುಗಿಯುತ್ತಾ ಬಂದಿದೆ. ಆದರೆ ಇಳಿಜಾರು ಜಾಸ್ತಿ. ಕೆಳಗಿನ ಬದಿಗೆ ಮೊದಲು ಟೈರಿನ ಕಟ್ಟೆ ಆಗಬೇಕು. ಪ್ರತಿ ಸಾಲೂ ಗುಡ್ಡದ ಕಡೆಗೆ ಸ್ವಲ್ಪ ಒಳಸರಿಯಬೇಕು, ಟೈರಿನೊಳಗೆ ಮಣ್ಣು ಬಡಿದು ತುಂಬಬೇಕು, ಹಿಂದೆ ನೀರು ಇಳಿಯಲು ಜಲ್ಲಿ ಹಾಕಬೇಕು. ಅದು ಎರಡು ಮೂರು ವಾರಾಂತ್ಯಗಳ ಕೆಲಸ. ಗೋಡೆ ಎತ್ತುವ ವಾರಕ್ಕೆ ಹೆಸರು ಕೊಟ್ಟವರು ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾಗಿರುವುದು ಟೈರು ತುಂಬಲು ಬರುವವರು.